ಆ ಹ್ಯಾಂಡಲ್ ಯಾಕೆ ಬದಲಿಸಲ್ಲ?

ಅಪ್ಪನ ಹಳೇ ಹರ್ಕ್ಯುಲಿಸ್ ಸೈಕಲ್ ನೋಡಿದವರೆಲ್ಲ ಕೇಳುವುದು ಒಂದೇ. "ಈಗಿನ ನೇರ ಹ್ಯಾಂಡಲ್ ಹಾಕಿಸಿ, ಆ ಮಡ್‌ಗಾರ್ಡ್ ಕಿತ್ತು ಹಾಕಬಾರದಾ? ಎಷ್ಟು ಹಗುರ ಆಗುತ್ತೆ!"

ಹಾಕಿಸಬಹುದು. ಆಮೇಲೆ ಬ್ರೇಕ್ ಇರಲ್ಲ, ಅಷ್ಟೇ.

ಇದರದ್ದು ರಾಡ್ ಬ್ರೇಕ್. ಕೇಬಲ್ ಎಲ್ಲೂ ಇಲ್ಲ, ಪೂರ್ತಿ ಕಬ್ಬಿಣದ ಕಡ್ಡಿಗಳು. ಲಿವರ್ ಕೂತಿರುವುದು ಹ್ಯಾಂಡಲ್‌ಗೇ ಬೆಸೆದ ಪುಟ್ಟ ಕೊಂಡಿಗಳಲ್ಲಿ. ಅದನ್ನು ಹಿಡಿಯ ಕಡೆಗೆ ಎಳೆದರೆ ಕಡ್ಡಿ ಮೇಲೇಳುತ್ತದೆ. ಅದರ ಜೊತೆ ಕುದುರೆ ಲಾಳದಂಥ ಪಟ್ಟಿಯೂ ಎದ್ದು, ಎರಡು ರಬ್ಬರ್ ತುಂಡುಗಳನ್ನು ರಿಮ್ಮಿನ ಒಳಮೈಗೆ ಒತ್ತುತ್ತದೆ. ಪಕ್ಕದಿಂದ ಕಚ್ಚುವ ಬ್ರೇಕ್ ಅಲ್ಲವಾದ್ದರಿಂದ ಚಕ್ರ ಸ್ವಲ್ಪ ಬೆಂಡ್ ಆಗಿದ್ದರೂ ತಲೆಬಿಸಿ ಇಲ್ಲ. ಮಳೆಯಲ್ಲಿ ಮಾತ್ರ ಕೇಳಬೇಡಿ. ಒದ್ದೆ ಸ್ಟೀಲ್ ರಿಮ್ ಮೇಲೆ ರಬ್ಬರ್ ಜಾರುತ್ತದೆ, ಚಪ್ಪಲಿ ನೆಲಕ್ಕೆ ಉಜ್ಜುವುದೇ ಗತಿ.

ಇನ್ನು ಹಿಂದಕ್ಕೆ ಬಾಗಿದ ಆ ಆಕಾರ. ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂರಬಹುದು. ಎರಡೂ ಕಡೆ ಸಂತೆಚೀಲ ನೇತು ಹಾಕಿದರೂ ಮಂಡಿಗೆ ತಾಗಲ್ಲ. ಅಪ್ಪ ಒಂದು ಕಡೆ ಸೀಮೆಎಣ್ಣೆ ಡಬ್ಬಿ, ಇನ್ನೊಂದು ಕಡೆ ತರಕಾರಿ ಹಾಕಿಕೊಂಡು ಬರುತ್ತಿದ್ದರು.

ಮಡ್‌ಗಾರ್ಡ್ ವಿಷಯಕ್ಕೆ ಬಂದರೆ, ಕಾಲೇಜಿನಲ್ಲಿದ್ದಾಗ ಸ್ಟೈಲ್ ಅಂತ ನಾನೇ ಒಮ್ಮೆ ಬಿಚ್ಚಿಸಿದ್ದೆ. ಮೊದಲ ಮಳೆಗೇ ಬಿಳಿ ಶರ್ಟಿನ ಬೆನ್ನಿಗೆ ಸೊಂಟದಿಂದ ಕತ್ತಿನವರೆಗೆ ಕೆಂಪು ಮಣ್ಣಿನ ಪಟ್ಟೆ. ಅಮ್ಮ ಎರಡು ಸಲ ನೆನೆಸಿ ಒಗೆದರೂ ಹೋಗಲಿಲ್ಲ.

ಹಿಂದಿನ ಮಡ್‌ಗಾರ್ಡಿನ ತುದಿಗೆ ಬಿಳಿ ಬಣ್ಣ ಇದೆಯಲ್ಲ, ಅದನ್ನು ಸುಮ್ನೆ ಅಲಂಕಾರ ಅಂದುಕೊಂಡಿದ್ದೆ. ಅಲ್ಲ. ಕತ್ತಲಲ್ಲಿ ಹಿಂದಿನಿಂದ ಬರುವವರಿಗೆ ಕಾಣಲಿ ಅಂತ ಬ್ರಿಟನ್ನಿನಲ್ಲಿ 1930ರ ದಶಕದಲ್ಲಿ ಕಡ್ಡಾಯ ಮಾಡಿದ್ದ ಗುರುತು ಅದು. 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್ ಕಂಪನಿ ಶುರುವಾಗಿ, ಮುಂದೆ ಬ್ರಿಟನ್ನಿನ ಹರ್ಕ್ಯುಲಿಸ್ ಇಲ್ಲೇ ತಯಾರಾದಾಗ, ಬ್ರಿಟಿಷ್ ಮಾದರಿಯ ಜೊತೆ ಆ ಬಿಳಿ ಬಾಲವೂ ಉಳಿದುಕೊಂಡಿತು.

ಒಂದು ದೂರು ಒಪ್ಪುತ್ತೇನೆ. ಶಬ್ದ ಜಾಸ್ತಿ. ಗುಂಡಿಗೆ ಇಳಿದರೆ ಇಡೀ ಬೀದಿಗೆ ಗಡಗಡ ಕೇಳಿಸುತ್ತಿತ್ತು. ಕಳೆದ ತಿಂಗಳು ಪಂಕ್ಚರ್ ಅಂಗಡಿಯಲ್ಲಿ ಹಳೇ ಟ್ಯೂಬಿನ ಚೂರು ಕತ್ತರಿಸಿ, ಮಡ್‌ಗಾರ್ಡಿಗೂ ಅದನ್ನು ಹಿಡಿದ ಕಡ್ಡಿಗೂ ನಡುವೆ ಇಟ್ಟು ನಟ್ಟು ಬಿಗಿದರು. ದುಡ್ಡೂ ತಗೊಳ್ಳಲಿಲ್ಲ. ಈಗ ಗೇಟಿನ ಹತ್ತಿರ ಬೆಲ್ ಹೊಡೆದರಷ್ಟೇ ನಾನು ಬಂದದ್ದು ಮನೆಯವರಿಗೆ ಗೊತ್ತಾಗುವುದು.