ಪೇಟೆಗೆ ಹೋಗಬೇಕಲ್ಲ ಅಂತ

2025 ಡಿಸೆಂಬರ್ 6, ಶನಿವಾರ
ಹಳೆಯಂಗಡಿ

ರಾತ್ರಿ ಹತ್ತು ಗಂಟೆ. ಅತ್ತೆ ಮಲಗಿದ್ದಾರೆ. ನನಗೆ ನಿದ್ದೆ ಬರುತ್ತಿಲ್ಲ. ಇವತ್ತಿನದ್ದು ಬರೆದಿಟ್ಟೇ ಮಲಗುವುದು ಅಂತ ಕೂತಿದ್ದೇನೆ.

ಅತ್ತೆಯನ್ನು ಮಂಗಳೂರಿಗೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಎರಡೂ ಕಣ್ಣಲ್ಲಿ ಪೊರೆ. ಬಲಗಣ್ಣಿನದ್ದು ಬಲಿತು ಗಟ್ಟಿಯಾಗಿದೆ, ಇನ್ನೂ ಬಿಟ್ಟರೆ ಆಪರೇಷನ್ ಕಷ್ಟ ಅಂದರು. ಎಷ್ಟು ಸಮಯದಿಂದ ಮಂಜು ಮಂಜು ಕಾಣ್ತಾ ಇದೆಯಮ್ಮಾ ಅಂತ ಡಾಕ್ಟರು ಕೇಳಿದರು. ಅತ್ತೆ ನನ್ನ ಮುಖ ನೋಡದೆ, "ಕಳೆದ ವರ್ಷದ ದೀಪಾವಳಿಯಿಂದ" ಅಂದರು. ಒಂದು ವರ್ಷದ ಮೇಲಾಯಿತು! ಒಂದೇ ಮನೆಯಲ್ಲಿದ್ದೇವೆ, ದಿನಾ ಒಟ್ಟಿಗೆ ಊಟ ಮಾಡುತ್ತೇವೆ, ನನಗೆ ಗೊತ್ತೇ ಆಗಲಿಲ್ಲ. ಕಾಫಿ ಲೋಟ ಹುಡುಕಲು ಮೇಜಿನ ಮೇಲೆ ಕೈಯಾಡಿಸುವುದನ್ನು ನೋಡಿದ್ದೆ. ವಯಸ್ಸಾಯ್ತಲ್ಲ ಅಂದುಕೊಂಡು ಸುಮ್ಮನಾಗಿದ್ದೆ.

ಹೊರಗೆ ಬೆಂಚಿನಲ್ಲಿ ಕೂತಾಗ ಕೇಳಿದೆ, ಯಾಕೆ ಹೇಳಲಿಲ್ಲ ಅಂತ.

"ಹೇಳಿದರೆ ಪೇಟೆಗೆ ಹೋಗಬೇಕಲ್ಲ ಮಾರಾಯ್ತಿ. ನೀನು ರಜೆ ಹಾಕಬೇಕು, ಅವನು ಕಾರು ತೆಗೀಬೇಕು, ಆಮೇಲೆ ರಸ್ತೆಯಲ್ಲಿ ಆ ಬ್ಲಾಕು."

ಆ ಮಾತು ಕೇಳಿ ನನಗೆ ಏನೂ ಹೇಳಲು ಬಾಯಿ ಬರಲಿಲ್ಲ. ಯಾಕೆಂದರೆ ಅದು ಅವರ ಮಾತಲ್ಲ, ನಮ್ಮದು. ಮದುವೆ ಕಾಗದ ಬಂದರೆ, ಯಾವುದಾದರೂ ಸರ್ಟಿಫಿಕೇಟು ಬೇಕಾದರೆ, ನಾನು ಮತ್ತು ಗಂಡ ಮೊದಲು ಹೇಳುವುದೇ "ಅಯ್ಯೋ, ಪೇಟೆಗೆ ಹೋಗಬೇಕಲ್ಲ" ಅಂತ. ಅತ್ತೆ ಅದನ್ನು ಕೇಳಿ ಕೇಳಿ ತನ್ನ ಕಣ್ಣಿನ ವಿಷಯವನ್ನೇ ಬಾಯಿಬಿಡದೆ ಇಟ್ಟುಕೊಂಡರು.

ಅದೂ ಯಾರು? ಅತ್ತೆ ಹುಟ್ಟಿ ಬೆಳೆದದ್ದು ಮಂಗಳೂರಿನ ರಥಬೀದಿಯ ಹಿಂದಿನ ಓಣಿಯಲ್ಲಿ. ಮಂಗಳೂರಿಗೆ ನಾವು ತುಳುವಿನಲ್ಲಿ ಕುಡ್ಲ ಅಂತೇವೆ, ಅವರ ಬಾಯಲ್ಲಿ ಅದು ಇವತ್ತಿಗೂ ಕೊಡಿಯಾಲ. ಮದುವೆಯಾಗಿ ಇಲ್ಲಿಗೆ ಬಂದ ಮೇಲೂ ತಿಂಗಳಿಗೊಮ್ಮೆ ಹೋಗುತ್ತಿದ್ದರಂತೆ. ಬಂದರಿನಲ್ಲಿ ಬೆಲ್ಲ, ಮೆಣಸು ತೆಗೆದು, ವೆಂಕಟರಮಣನಿಗೆ ಕೈಮುಗಿದು, ಅಮ್ಮನ ಮನೆಯಲ್ಲಿ ಊಟ ಮಾಡಿ, ಸಂಜೆಯ ಬಸ್ಸಿಗೆ ವಾಪಸು. ಅದು ಯಾವಾಗ ನಿಂತಿತು ಅಂತ ಯಾರಿಗೂ ನೆನಪಿಲ್ಲ.

ಇಲ್ಲಿಂದ ಮಂಗಳೂರಿಗೆ ಇರುವುದು 20 ಕಿಲೋಮೀಟರ್ ಆಸುಪಾಸು. ದೂರ ಅನ್ನಲು ಆಗುವುದಿಲ್ಲ. ಮೊದಲು ಟೋಲ್ ಅಂತ ಒಂದು ಕಾರಣ ಇತ್ತು. ಸುರತ್ಕಲ್‌ನ ಆ ಟೋಲ್‌ಗೇಟ್ ಜನ ಹೋರಾಟ ಮಾಡಿದ ಮೇಲೆ 2022ರ ಡಿಸೆಂಬರ್ 1ಕ್ಕೆ ನಿಂತಿತು. ಆಗ ಎಷ್ಟು ಖುಷಿಪಟ್ಟಿದ್ದೆವು! ಇನ್ನು ವಾರ ವಾರ ಹೋಗುವಾ ಅಂದಿದ್ದರು ನಮ್ಮವರು. ಹೋಗಲಿಲ್ಲ. ದುಡ್ಡಿನ ತೊಂದರೆ ಹೋದರೂ ಸಮಯದ ತೊಂದರೆ ಹಾಗೇ ಉಂಟಲ್ವಾ. ಸುರತ್ಕಲ್ ದಾಟಿದರೆ ಬೈಕಂಪಾಡಿಯ ಕಾರ್ಖಾನೆ ಲಾರಿಗಳು, ಪಣಂಬೂರಿಗೆ ಬಂದರಿನ ಟ್ರಕ್ಕು, ಗ್ಯಾಸ್ ಟ್ಯಾಂಕರು, ಇವೆಲ್ಲದರ ಜೊತೆ ಉಡುಪಿ ಕಡೆಯಿಂದ ಬರುವ ಎಕ್ಸ್‌ಪ್ರೆಸ್ ಬಸ್ಸು, ಎಲ್ಲ ಸೇರಿ ಕೂಳೂರು ಸೇತುವೆಯ ಬುಡಕ್ಕೆ ಬಂದು ನಿಲ್ಲುತ್ತವೆ. ಅಲ್ಲಿಂದ ಕೊಟ್ಟಾರ ಚೌಕಿ. ಮಳೆಗಾಲದಲ್ಲಿ ಅಲ್ಲಿ ನೀರು ನಿಂತರೆ ಮುಗಿಯಿತು.

ಆಗಸ್ಟಿನಲ್ಲಿ ನಮಗೆ ಹಾಗೇ ಆದದ್ದು. ಅತ್ತೆಯ ಶುಗರ್ ಚೆಕಪ್‌ಗೆ ಹೊರಟಿದ್ದೆವು. ಹತ್ತಿರ ಮುಕ್ಕದಲ್ಲೂ ದೊಡ್ಡ ಆಸ್ಪತ್ರೆ ಉಂಟು, ಆದರೆ ಅತ್ತೆಯ ಫೈಲು, ಅವರ ನಂಬಿಕೆ ಎಲ್ಲ ಪೇಟೆಯ ಡಾಕ್ಟರ ಹತ್ತಿರ. ಕೊಟ್ಟಾರದಲ್ಲಿ ಮುಕ್ಕಾಲು ಗಂಟೆ ಕೂತೆವು. ವೈಪರ್ ಆಡುತ್ತಿತ್ತು, ಯಾರೂ ಮಾತಾಡುತ್ತಿರಲಿಲ್ಲ. ಆಸ್ಪತ್ರೆ ಮುಟ್ಟಿ, ಕಾರಿಗೆ ಜಾಗ ಹುಡುಕುತ್ತಾ ಮೂರು ಸುತ್ತು ಹೊಡೆದು ಒಳಗೆ ಹೋದರೆ ಟೋಕನ್ ಮುಗಿದಿತ್ತು. ವಾಪಸು ಬರುವಾಗ ಗಂಡ ಸಿಟ್ಟಲ್ಲಿ ಸ್ಟೀರಿಂಗಿಗೆ ಗುದ್ದಿದರು. ಅದು ಅತ್ತೆಯ ಮೇಲಿನ ಸಿಟ್ಟಲ್ಲ ಅಂತ ನನಗೆ ಗೊತ್ತು. ಹಿಂದಿನ ಸೀಟಿನಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಕಣ್ಣಿನ ವಿಷಯ ಅವರು ಆವತ್ತೇ ಗಟ್ಟಿಯಾಗಿ ನುಂಗಿಕೊಂಡಿರಬೇಕು ಅಂತ ಈಗ ಅನಿಸುತ್ತದೆ.

ನಮ್ಮ ಒಬ್ಬರ ಕಥೆ ಅಲ್ಲ ಇದು. ಪಕ್ಕದ ಮನೆಯವರು ಬಟ್ಟೆಗೆ, ಬ್ಯಾಂಕಿಗೆ ಸುರತ್ಕಲ್‌ಗಿಂತ ಆಚೆ ಹೋಗುವುದಿಲ್ಲ. ನನ್ನ ತಂಗಿ ದೇರಳಕಟ್ಟೆಯಲ್ಲಿರುವುದು. ಅವಳ ಮನೆ ಸುತ್ತ ಮೆಡಿಕಲ್ ಕಾಲೇಜು, ಅಂಗಡಿ ಎಲ್ಲ ಉಂಟು, ಪೇಟೆಗೆ ಬರುವ ನೇತ್ರಾವತಿ ಸೇತುವೆ ದಾಟದೆ ಎರಡು ತಿಂಗಳಾಯಿತು ಅಂತ ಹೇಳುತ್ತಿದ್ದಳು. ಎಲ್ಲ ಹತ್ತಿರ ಬಂದದ್ದು ಒಳ್ಳೆಯದೇ. ಜಿಲ್ಲಾಧಿಕಾರಿ ಕಚೇರಿಯೂ ಈ ವರ್ಷ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ಹತ್ತಿರದಿಂದ ಪೇಟೆಯ ಅಂಚಿನ ಪಡೀಲಿಗೆ ಹೋಯಿತು. ಆದರೆ ನನ್ನ ಮಗ ಹತ್ತನೇ ಕ್ಲಾಸು, ಅವನಿಗೆ ಮಂಗಳೂರು ಅಂದರೆ ಒಂದು ಮಾಲ್ ಮತ್ತು ಅದರ ಕೆಳಗಿನ ಪಾರ್ಕಿಂಗ್. ಅಲೋಶಿಯಸ್ ಚಾಪೆಲ್‌ನ ಗೋಡೆ ತುಂಬ ಇಟಲಿಯ ಮೊಸ್ಕೇನಿ ಬಿಡಿಸಿದ ಚಿತ್ರ ಉಂಟು, ನೂರು ವರ್ಷಕ್ಕಿಂತ ಹಳೆಯದು, ನೋಡಲು ದೂರದೂರದಿಂದ ಜನ ಬರುತ್ತಾರೆ. ಇವನು ನೋಡಿಲ್ಲ. ನಾನು ತೋರಿಸಿಲ್ಲ. ಅದಕ್ಕೆ ನನಗೆ ನಿಜವಾಗಿ ಬೇಸರ ಉಂಟು.

ಇವತ್ತು ಕಾರು ಬೇಡ, ಬಸ್ಸಿಗೆ ಹೋಗುವಾ ಅಂದೆ. 2023ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಆದರೆ ನಮ್ಮ ರಸ್ತೆಯಲ್ಲಿ ಓಡುವುದು ಜಾಸ್ತಿ ಖಾಸಗಿ ಬಸ್ಸು. ಹಾಗಾಗಿ ಶಕ್ತಿ ಯೋಜನೆಯಿಂದ ನಮ್ಮ ಕಡೆಯ ಅಜ್ಜಿಯಂದಿರಿಗೆ ಸಿಕ್ಕಿದ್ದು ಕಡಿಮೆ. ಈ ಸಾಲಿನಲ್ಲಿ ಸರಕಾರಿ ಬಸ್ಸು ಹೆಚ್ಚು ಬಿಟ್ಟರೆ ಎಷ್ಟೋ ಜನ ಮನೆಯಿಂದ ಹೊರಗೆ ಬರುತ್ತಾರೆ ಅಂತ ನನಗೆ ಅನಿಸುತ್ತದೆ.

ಎಂಟೂಕಾಲಿನ ಬಸ್ಸು. ಕಂಡಕ್ಟರ್ ಹುಡುಗ ತುಳುವಿನಲ್ಲಿ "ಬಲೆ ಬಲೆ ಅಮ್ಮ", ಬನ್ನಿ ಬನ್ನಿ ಅಂತ ಅತ್ತೆಯ ಮೊಣಕೈ ಹಿಡಿದು ಹತ್ತಿಸಿದ. ಅವರು ಕೂತು ಸೆರಗು ಸರಿಮಾಡಿಕೊಳ್ಳುವವರೆಗೆ ಸೀಟಿ ಊದಲಿಲ್ಲ. ಅವನಿಗೆ ಟೈಮಿಂಗ್ ಇರುತ್ತದೆ, ಹಿಂದೆ ಇನ್ನೊಂದು ಬಸ್ಸು ಹಾರ್ನ್ ಹಾಕುತ್ತಿತ್ತು, ಆದರೂ ಕಾದ. ಕೂಳೂರಿನಲ್ಲಿ ಬ್ಲಾಕು ಇತ್ತು. ಆದರೆ ಬಸ್ಸಿನಲ್ಲಿ ಅದು ನಮ್ಮ ತಲೆನೋವಲ್ಲ. ಅತ್ತೆ ಕಿಟಕಿಯಿಂದ ಹೊಳೆಯ ಗಾಳಿಗೆ ಮುಖ ಕೊಟ್ಟು ಕೂತಿದ್ದರು.

ಡಾಕ್ಟರ ಹತ್ತಿರ ಮುಗಿದಾಗ ಹನ್ನೆರಡೂವರೆ. ಸ್ಟೇಟ್‌ಬ್ಯಾಂಕಿಗೆ ಹೋಗುವ ದಾರಿಯಲ್ಲಿ ಗಡಿಯಾರ ಗೋಪುರದ ಹತ್ತಿರ ಅತ್ತೆ ನಿಂತರು. ಕೈಯನ್ನು ಹಣೆಗೆ ಅಡ್ಡ ಹಿಡಿದು ಮೇಲೆ ನೋಡಿದರು.

"ಇದನ್ನು ಕೆಡವಿದ್ದರಲ್ಲ?"

"ಮತ್ತೆ ಕಟ್ಟಿ ಕೆಲವು ವರ್ಷ ಆಯ್ತು ಅತ್ತೆ."

"ಗಂಟೆ ಎಷ್ಟು ತೋರಿಸ್ತದೆ?" ಅಂತ ಕೇಳಿದರು. ಹೇಳಿದೆ. ಹುಂ ಅಂದರು.

ಅಲ್ಲೇ ಪಕ್ಕದಲ್ಲಿ ಒಬ್ಬ ಹೆಂಗಸು ಬುಟ್ಟಿ ಇಟ್ಟುಕೊಂಡು ಶಂಕರಪುರ ಮಲ್ಲಿಗೆ ಮಾರುತ್ತಿದ್ದಳು. ಬಾಳೆನಾರಿನಲ್ಲಿ ಕಟ್ಟಿದ್ದು, ಬಾಳೆಲೆಯಲ್ಲಿ ಸುತ್ತಿದ್ದು. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅದೇ ಲೆಕ್ಕ ಇವತ್ತಿಗೂ. ಅತ್ತೆ ಎಲೆ ಬಿಚ್ಚಿಸಿ, ಹೂವಿನ ಸಾಲಿನ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಜಾರಿಸಿಕೊಂಡು ಹೋದರು. ಒಂದು ಕಡೆ ಬೆರಳು ನಿಂತಿತು. "ಇಲ್ಲಿ ಸಡಿಲ ಉಂಟಲ್ಲ" ಅಂದರು. ನಾನು ಬಗ್ಗಿ ನೋಡಿದೆ. ನಿಜ, ಎರಡು ಮೊಗ್ಗು ನಾರಿನಿಂದ ಹೊರಗೆ ಬಂದಿತ್ತು. ನನ್ನ ಎರಡು ಒಳ್ಳೆಯ ಕಣ್ಣಿಗೆ ಅದು ಕಂಡಿರಲಿಲ್ಲ. ಹೂ ಮಾರುವವಳು ನಕ್ಕು ಬೇರೆ ಚೆಂಡು ಕೊಟ್ಟಳು.

ರಥಬೀದಿಗೆ ಹೋಗುವಾ ಅಂದೆ. ಕಾಲು ನೋಯುತ್ತದೆ, ಇನ್ನೊಮ್ಮೆ ಅಂದರು. ಒತ್ತಾಯ ಮಾಡಲಿಲ್ಲ.

ಗುರುವಾರ ಬಲಗಣ್ಣಿನ ಆಪರೇಷನ್. ಸೋಮವಾರ ಇಲ್ಲೇ ಶುಗರ್ ನೋಡಿಸಬೇಕು, ಅದು ಹತೋಟಿಯಲ್ಲಿದ್ದರೆ ಮಾತ್ರ ಮಾಡುವುದು. ಆವತ್ತು ಬೆಳಿಗ್ಗೆ ಬೇಗ ಹೊರಡಬೇಕು. ಗಂಡನೂ ಬರುತ್ತಾರೆ, ರಜೆ ಹಾಕಿದ್ದೇನೆ ಅಂತ ಅಮ್ಮನ ಹತ್ತಿರ ಹೋಗಿ ಅವರೇ ಹೇಳಿದರು. ಆಗಸ್ಟಿನ ಸಿಟ್ಟಿನ ಮಾತನ್ನೂ ಎತ್ತಿದರು. ಅವರಿಬ್ಬರ ಮಾತು, ನಾನು ಅಡುಗೆಮನೆಗೆ ಹೋದೆ.

ಊಟ ಆದ ಮೇಲೆ ಹೊರಗೆ ಬಂದರೆ ಅತ್ತೆ ಹೊಸ ವರ್ಷದ ಕ್ಯಾಲೆಂಡರಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದರು. ರಥಸಪ್ತಮಿ ಯಾವಾಗ ಅಂತ ಹುಡುಕುತ್ತಿದ್ದರು, ಕೊಡಿಯಾಲ ತೇರು ಆವತ್ತೇ ಅಲ್ವಾ. ನಾನೇ ಓದಿ ಹೇಳಿದೆ. ಜನವರಿ 25, ಆದಿತ್ಯವಾರ.

"ಐವತ್ತು ದಿನ ಉಂಟು" ಅಂದರು ಅತ್ತೆ, ಬೆರಳು ಮಡಚಿ ಲೆಕ್ಕ ಹಾಕಿ.