ಏಪ್ರಿಲ್‌ನಲ್ಲೂ ಕಂಬಳಿ

ಸೆಕೆಗಾಲದಲ್ಲಿ ಎಮರ್ಜೆನ್ಸಿ ವಾರ್ಡ್‌ನ ಎಸಿ ಆಫ್ ಮಾಡಿಸಿದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ಆದರೆ ಬೈಕ್ ಅಪಘಾತದ ಕೇಸ್ ಬಂದರೆ ರಕ್ತ ನಿಲ್ಲಿಸುವುದರ ಜೊತೆಗೇ ಮೈ ಬೆಚ್ಚಗಿಡುವ ಕೆಲಸವೂ ಶುರುವಾಗಬೇಕು.

ರಕ್ತ ಜಾಸ್ತಿ ಹೋದವರ ಮೈ ಸಾಕಷ್ಟು ಬಿಸಿ ಹುಟ್ಟಿಸಲಾರದು. 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ರಕ್ತ ಸರಿಯಾಗಿ ಹೆಪ್ಪುಗಟ್ಟಲ್ಲ. ಹೆಪ್ಪುಗಟ್ಟದಿದ್ದರೆ ಇನ್ನಷ್ಟು ಸೋರುತ್ತೆ, ಸೋರಿದಷ್ಟೂ ಮೈ ತಣ್ಣಗಾಗುತ್ತೆ. ಮೇಲಿಂದ ನಾವೇ ತಣ್ಣನೆ ಸಲೈನ್ ಏರಿಸಿದರೆ ಮುಗೀತು. ಬ್ಲಡ್ ಬ್ಯಾಂಕ್‌ನಿಂದ ಬರುವ ರಕ್ತವೂ 2ರಿಂದ 6 ಡಿಗ್ರಿಯ ಫ್ರಿಜ್‌ನಲ್ಲಿದ್ದದ್ದು. ಬೇಗ ಬೇಗ ಕೊಡಬೇಕಾದಾಗ ವಾರ್ಮರ್ ಬೇಕೇ ಬೇಕು.

ಒದ್ದೆ ಬಟ್ಟೆ ಕತ್ತರಿಸುವಾಗ ಮಾತ್ರ ದಿನಾ ಜಗಳ. "ಹೊಸ ಜೀನ್ಸು ಮೇಡಂ, ಬಿಚ್ಚೋಕಾಗಲ್ವಾ?" ಅಂತ ಮೊನ್ನೆ ಒಬ್ಬರು ಅಪ್ಪ. ಮುರಿದ ಕಾಲಿಂದ ಬಿಚ್ಚೋದು ಹೇಗೆ ಹೇಳಿ! ಕತ್ತರಿಸಿದೆ. ಒರೆಸಿ, ತಲೆಯೂ ಸೇರಿಸಿ ಕಂಬಳಿ ಹೊದಿಸಿದೆವು.

ನಡುಕ ನಿಂತರೆ ಆರಾಮಾಯ್ತು ಅಂದುಕೊಳ್ಳಬೇಡಿ, ಕೆಲವೊಮ್ಮೆ ಮೈ ಇನ್ನೂ ತಣ್ಣಗಾಗಿರುತ್ತೆ. ಮತ್ತೆ, ರಸ್ತೆಯಲ್ಲಿ ಬಿದ್ದವರ ಮೇಲೆ ಬಾಟಲಿಗಟ್ಟಲೆ ನೀರು ಸುರಿಯೋದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. 108ಕ್ಕೆ ಫೋನ್ ಮಾಡಿ, ಒಣಗಿದ ಬೆಡ್‌ಶೀಟ್ ಇದ್ದರೆ ಹೊದಿಸಿ.