ಎಮ್ಮೆ ಬೆನ್ನಿನಂಥ ಸೀಟು, ನನ್ನ ಗಿಡ್ಡ ಕಾಲು

ನಿಟ್ಟೂರಿನ ಹತ್ತಿರ ಒಂದು ಮನೆ. ಹಸು ಕರು ಹಾಕಲಾರದೆ ಒದ್ದಾಡುತ್ತಿದೆ ಅಂತ ಬೆಳಗಿನ ಜಾವವೇ ಫೋನ್ ಬಂತು. ಹೋದೆ. ದಣಪೆಯ ಮುಂದೆ ಗಾಡಿ ನಿಲ್ಲಿಸಿ ಎಡಗಾಲು ಕೆಳಗಿಟ್ಟೆ. ನೆಲ ಅಲ್ಲಿರಲಿಲ್ಲ. ರಸ್ತೆಯಂಚು ಚರಂಡಿ ಕಡೆ ಇಳಿದಿತ್ತು, ಕಾಲು ನಾಲ್ಕು ಬೆರಳಷ್ಟು ಮೇಲೆ ಗಾಳಿಯಲ್ಲೇ ಉಳಿಯಿತು. 199 ಕೆಜಿಯ ಗಾಡಿ, 58 ಕೆಜಿಯ ನಾನು, ಹಿಂದೆ ಕಟ್ಟಿದ್ದ ಔಷಧಿ ಪೆಟ್ಟಿಗೆ, ಮೂರೂ ಸೇರಿ ಯಾವ ಅವಸರವೂ ಇಲ್ಲದೆ ಎಮ್ಮೆ ಕೆಸರಿಗಿಳಿದ ಹಾಗೆ ಮಲಗಿದೆವು. ಮನೆಯ ಯಜಮಾನರು ಓಡಿ ಬಂದು, "ಡಾಕ್ಟ್ರೇ, ಮೊದ್ಲು ನಿಮ್ಮನ್ನ ಎಬ್ಬಿಸ್ಲಾ, ಹಸೂನ್ನ ನೋಡ್ತೀರಾ?" ಅಂದರು. ಕರು ಚೆನ್ನಾಗಿ ಹುಟ್ಟಿತು. ಆದರೆ ಆ ಮನೆಯ ಮಕ್ಕಳಿಗೆ ಇವತ್ತಿಗೂ ನೆನಪಿರುವುದು ಕರುವಲ್ಲ.

ನನ್ನ ಎತ್ತರ 5 ಅಡಿ 2 ಇಂಚು. ಪಶುವೈದ್ಯ. ಹೊಸನಗರದ ಸುತ್ತಿನ ಹಳ್ಳಿಗಳಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಬೈಕ್ ಮೇಲೇ ಇರುತ್ತೇನೆ. ಗಾಡಿ ರಾಯಲ್ ಎನ್‌ಫೀಲ್ಡ್ ಕಂಪನಿಯ ಹಿಮಾಲಯನ್ 411. "ನಿಮಗ್ಯಾಕೆ ಸಾರ್ ಇಷ್ಟು ದೊಡ್ಡ ಗಾಡಿ" ಎಂದು ಕೇಳದವರು ನಮ್ಮ ತಾಲ್ಲೂಕಿನಲ್ಲಿ ಯಾರೂ ಉಳಿದಿಲ್ಲ. ಮಳೆಗಾಲದಲ್ಲಿ ನಮ್ಮ ತೋಟದ ರಸ್ತೆಗಳನ್ನು ಒಮ್ಮೆ ನೋಡಿ ಬನ್ನಿ, ಆಮೇಲೆ ಮಾತಾಡೋಣ. 220 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಅಂತರ, ನನಗೆ ಶೋಕಿಗೆ ಬೇಕಾದದ್ದಲ್ಲ.

ಅದರ ಸೀಟಿನ ಎತ್ತರ 800 ಮಿಲಿಮೀಟರ್. ಅಂದರೆ 31 ಇಂಚು ದಾಟುತ್ತದೆ. ನನ್ನ ಒಳಗಾಲಿನ ಅಳತೆ 28 ಇಂಚು. ಈ ಅಳತೆ ಗೊತ್ತಿಲ್ಲದವರು ಮೊದಲು ತೆಗೆದುಕೊಳ್ಳಿ: ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಒಂದು ದಪ್ಪ ಪುಸ್ತಕವನ್ನು ತೊಡೆಸಂದಿಗೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಟೇಪ್ ಹಿಡಿಸಿ. ಗಾಡಿಗೆ ಬೇಕಾದದ್ದು ಈ ಲೆಕ್ಕ, ಹಿಮ್ಮಡಿ ಎತ್ತಿ ನಿಂತು ಅಳೆಸಿಕೊಂಡ ಎತ್ತರವಲ್ಲ. ನನ್ನಷ್ಟೇ ಎತ್ತರದ ನನ್ನ ಭಾವನಿಗೆ ಕಾಲು ಉದ್ದ, ಮುಂಡ ಗಿಡ್ಡ. ಇದೇ ಗಾಡಿಯಲ್ಲಿ ಅವನ ಪಾದದ ಮುಂಭಾಗ ಎರಡೂ ಕಡೆ ಆರಾಮಾಗಿ ನೆಲಕ್ಕೆ ತಾಗುತ್ತದೆ. ನನಗೆ ಹೆಬ್ಬೆರಳು.

ಇನ್ನೊಂದು ಅನ್ಯಾಯವೂ ಇದೆ. ಯಾರೇ ಕೂತರೂ ಹಿಂದಿನ ಶಾಕ್ ಅಬ್ಸಾರ್ಬರ್ ಸ್ವಲ್ಪ ಕುಸಿಯುತ್ತದಲ್ಲ, ಅಷ್ಟು ಸೀಟು ಕೆಳಗಿಳಿಯುತ್ತದೆ. 90 ಕೆಜಿಯ ಆಸಾಮಿಗೆ ಚೆನ್ನಾಗಿ ಕುಸಿಯುತ್ತದೆ. ಅವನಿಗೆ ಅದು ಬೇಕಿರಲಿಲ್ಲ. ನಮ್ಮಂಥ ಗಿಡ್ಡ, ಸಣಕಲರು ಕೂತರೆ ಸ್ಪ್ರಿಂಗಿಗೆ ಗೊತ್ತೂ ಆಗುವುದಿಲ್ಲ. ಪ್ರೀಲೋಡನ್ನು, ಅಂದರೆ ಆ ಸ್ಪ್ರಿಂಗಿನ ಬಿಗಿತವನ್ನು, ಪೂರಾ ಸಡಿಲ ಮಾಡಿಸಿದಾಗ ಚೂರು ಅನುಕೂಲವಾಯಿತು, ನಿಜ. ಗಾಡಿಯನ್ನು ತಗ್ಗಿಸುವ ಲೋಯರಿಂಗ್ ಲಿಂಕ್ ಹಾಕಿಸು ಅಂತ ಒಬ್ಬ ಮೆಕ್ಯಾನಿಕ್ ಹೇಳಿದ. ಗಾಡಿಯನ್ನೇ ಇಳಿಸಿದರೆ ಇಳಿಯುವುದು ಗ್ರೌಂಡ್ ಕ್ಲಿಯರೆನ್ಸ್ ಕೂಡ. ಜೊತೆಗೆ ಸೈಡ್ ಸ್ಟ್ಯಾಂಡ್ ಉದ್ದವಾಗಿ ಗಾಡಿ ನೆಟ್ಟಗೆ ನಿಂತುಬಿಡುತ್ತದೆ, ಗಾಳಿ ಬೀಸಿದರೆ ಆ ಕಡೆಗೆ ಉರುಳಬಹುದು. ಬೇಡ ಅಂದೆ.

ಉಳಿದದ್ದು ಸೀಟು.

ಮೊದಲು ಮಾಡಿದ ದಡ್ಡತನ ಜೆಲ್ ಪ್ಯಾಡ್. ಕೂತು ಕೂತು ಹಿಂಭಾಗ ಉರಿಯುತ್ತಿತ್ತು, ಆನ್‌ಲೈನಿನಲ್ಲಿ ತರಿಸಿ ಸೀಟಿನ ಮೇಲೆ ಬಿಗಿದೆ. ಮೆತ್ತಗಿತ್ತು. ಆದರೆ ನಾನು ಇನ್ನೂ ಒಂದು ಇಂಚು ಮೇಲೇರಿದೆ! ನಿಟ್ಟೂರಿನ ಘಟನೆ ನಡೆದದ್ದು ಆ ವಾರದಲ್ಲೇ ಅನ್ನುವುದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಎರಡನೆಯದು ಅದಕ್ಕಿಂತ ದುಬಾರಿ. ಪೇಟೆಯ ಒಂದು ಸೀಟ್ ಕವರ್ ಅಂಗಡಿಗೆ ಹೋಗಿ "ಎರಡು ಇಂಚು ಇಳಿಸಿ" ಅಂದೆ. ಅವರು ನನ್ನನ್ನು ಗಾಡಿಯ ಮೇಲೆ ಕೂರಿಸಿ ಕೂಡ ನೋಡಲಿಲ್ಲ. ರೆಕ್ಸಿನ್ ಬಿಚ್ಚಿ, ಹಲ್ಲಿನ ಬ್ಲೇಡಿನಿಂದ ಹಲಸಿನ ಹಣ್ಣು ಹೆಚ್ಚಿದ ಹಾಗೆ ಮೇಲಿನಿಂದ ಎರಡು ಇಂಚು ಸರಕ್ಕನೆ ತೆಗೆದು, ಸ್ಟೇಪಲ್ ಹೊಡೆದು ಕೊಟ್ಟರು. ಕಾಲು ನೆಲಕ್ಕೆ ಸಿಕ್ಕಿತು, ಖುಷಿಯಾಯಿತು. ಮುಕ್ಕಾಲು ಗಂಟೆ ಓಡಿಸಿದ ಮೇಲೆ ಕೆಳಗಿನ ಪ್ಲಾಸ್ಟಿಕ್ ತಳ ಲೆಕ್ಕಕ್ಕೆ ಬಂತು. ಫೋಮ್ ಪೂರ್ತಿ ಒತ್ತಿಹೋಗಿ ನಾನು ಬರೀ ಹಲಗೆಯ ಮೇಲಿದ್ದೆ. ಸಾಲದ್ದಕ್ಕೆ ಕೊಯ್ತ ಮುಂದಕ್ಕೆ ಇಳಿಜಾರಾಗಿತ್ತು, ಪ್ರತಿ ಬ್ರೇಕಿಗೂ ಟ್ಯಾಂಕಿಗೆ ಹೋಗಿ ಒರಗುತ್ತಿದ್ದೆ. ಹುಲಿಕಲ್ ಘಾಟಿ ಇಳಿಯುವಷ್ಟರಲ್ಲಿ ನನಗೆ ಯಾಕೆ ಸಿಟ್ಟು ಬಂದಿತ್ತು ಅನ್ನುವುದನ್ನು ಇಲ್ಲಿ ಬಿಡಿಸಿ ಬರೆಯುವುದು ಸಭ್ಯವಲ್ಲ.

ಆಮೇಲೆ ಕೂತು ಯೋಚಿಸಿದೆ. ಸ್ಪ್ಲೆಂಡರ್ ಸೀಟಿನ ಎತ್ತರ 785. ನನ್ನದಕ್ಕಿಂತ 15 ಮಿಲಿಮೀಟರ್ ಮಾತ್ರ ಕಡಿಮೆ, ಒಂದು ಕೋಡುಬಳೆಯಷ್ಟು. ಆದರೂ ಅದರ ಮೇಲೆ ನಾನು ರಾಜ. ಯಾಕೆ? ಒಂದು, ಅದರ ತೂಕ 112 ಕೆಜಿ, ಕಾಲು ಪೂರಾ ಸಿಗದಿದ್ದರೂ ಹಿಡಿದು ನಿಲ್ಲಿಸಬಹುದು. ಎರಡು, ತೊಡೆಯ ನಡುವೆ ಅದು ಸಪೂರ. ಚಿಕ್ಕಂದಿನಲ್ಲಿ ಎಮ್ಮೆ ಸವಾರಿ ಮಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬಡಕಲು ಎಮ್ಮೆಯ ಮೇಲೆ ಕೂತರೆ ಕಾಲು ನೆಟ್ಟಗೆ ಜೋತುಬೀಳುತ್ತದೆ. ಗಬ್ಬದ ಎಮ್ಮೆಯ ಮೇಲೆ ಕೂತರೆ ತೊಡೆಗಳು ಎರಡೂ ಬದಿಗೆ ಹಾಸಿಕೊಂಡು ಪಾದ ಎಲ್ಲೋ ಹೊಟ್ಟೆಯ ಮಟ್ಟದಲ್ಲಿ ಉಳಿಯುತ್ತದೆ. ಎರಡೂ ಎಮ್ಮೆಗಳ ಎತ್ತರ ಒಂದೇ! ಕಂಪನಿಯ ಕಾಗದದಲ್ಲಿ ಬರೆಯುವುದು ಎಮ್ಮೆಯ ಎತ್ತರವನ್ನು, ಹೊಟ್ಟೆಯ ಸುತ್ತಳತೆಯನ್ನಲ್ಲ.

ಹಾಗಾದರೆ ಇಡೀ ಸೀಟನ್ನು ಸಪೂರ ಮಾಡಿಬಿಡೋಣವೆಂದರೆ ಅದೂ ಆಗದು. ಹಸುವಿನ ಬಾಲದ ಬುಡದ ಎರಡೂ ಪಕ್ಕದಲ್ಲಿ ಎರಡು ಮೂಳೆ ಉಬ್ಬಿಕೊಂಡಿರುತ್ತವಲ್ಲ, ನಾವು ಪಿನ್ ಬೋನ್ ಅನ್ನುತ್ತೇವೆ. ಅದೇ ಮೂಳೆ ನಮಗೂ ಇದೆ, ನಾವು ಕೂರುವುದೇ ಅದರ ಮೇಲೆ. ಮೈಭಾರದ ಬಹುಪಾಲು ಆ ಎರಡು ಬಿಂದುಗಳಲ್ಲಿ ಬೀಳುತ್ತದೆ. ಅವೆರಡಕ್ಕೂ ಅಗಲವಾದ, ಗಟ್ಟಿಯಾದ ಆಸರೆ ಸಿಗದಿದ್ದರೆ ಭಾರವೆಲ್ಲ ನಡುವಿನ ಮೆತ್ತಗಿನ ಭಾಗಕ್ಕೆ ಹೋಗಿ ಜೋಮು ಹಿಡಿಯುತ್ತದೆ. ನನ್ನ ಅಂತರ ಎಷ್ಟೆಂದು ನೋಡಲು ಲಸಿಕೆ ಬರುವ ಪೆಟ್ಟಿಗೆಯ ರಟ್ಟನ್ನು ಕಲ್ಲುಬೆಂಚಿನ ಮೇಲಿಟ್ಟು ಅದರ ಮೇಲೆ ಹತ್ತು ನಿಮಿಷ ಕೂತೆ. ಎದ್ದರೆ ಎರಡು ಕುಳಿ. ನಡುವಿನಿಂದ ನಡುವಿಗೆ 11 ಸೆಂಟಿಮೀಟರ್. ಆಸ್ಪತ್ರೆಯ ಸಹಾಯಕ ಬಾಗಿಲಲ್ಲಿ ನಿಂತು ಎಲ್ಲ ನೋಡಿದ, ಏನೂ ಕೇಳಲಿಲ್ಲ. ಒಳ್ಳೆಯ ಮನುಷ್ಯ.

ಅಷ್ಟಾದ ಮೇಲೆ ನನಗೆ ಬೇಕಾದ ಸೀಟು ಚಿತ್ರದ ಹಾಗೆ ಕಂಡಿತು. ಕೂರುವ ಜಾಗದಲ್ಲಿ ಅಗಲ, ಮುಂದೆ ಟ್ಯಾಂಕಿನ ಹತ್ತಿರ ಸಪೂರ. ಕಾಲು ಕೆಳಗಿಡುವಾಗ ನಾನು ಹೇಗೂ ಮುಂದಕ್ಕೆ ಜಾರಿಕೊಳ್ಳುತ್ತೇನಲ್ಲ, ಆಗ ತೊಡೆಗೆ ಅಡ್ಡ ಬರುವುದು ಸೀಟಿನ ಭುಜಗಳು, ಅಂದರೆ ಮುಂಭಾಗದ ಎರಡು ಪಕ್ಕದ ಅಂಚುಗಳು. ಕೊಯ್ಯಬೇಕಾದದ್ದು ಅವನ್ನು.

ಶಿವಮೊಗ್ಗದಲ್ಲಿ ಒಬ್ಬ ಹಿರಿಯ ಕೆಲಸಗಾರರು ಸಿಕ್ಕರು. ಮೊದಲು ಬಸ್ಸಿನ ಸೀಟು ಹೊಲಿಯುತ್ತಿದ್ದವರು. ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, "ಕೊಯ್ದ ಈ ಸೀಟನ್ನ ಮತ್ತೆ ಮುಟ್ಟೋದು ಬೇಡ, ಗುಜರಿಯಿಂದ ಇನ್ನೊಂದು ತನ್ನಿ" ಅಂದರು. ಈ ಒಂದು ಮಾತಿಗೇ ನಾನು ಅವರಿಗೆ ಶರಣು. ಹಳೆಯ ಸೀಟೊಂದನ್ನು ತಂದುಕೊಟ್ಟೆ. ರೆಕ್ಸಿನ್ ಬಿಚ್ಚಿ, ಬೋಳು ಫೋಮನ್ನು ಗಾಡಿಗೇ ಕೂರಿಸಿ, ನನ್ನನ್ನು ದಿನಾ ಹಾಕುವ ಗಂಬೂಟಿನಲ್ಲೇ ಹತ್ತಿಸಿದರು. ತೊಡೆ ಎಲ್ಲಿ ತಾಗುತ್ತದೋ ಅಲ್ಲಿ ಸೀಮೆಸುಣ್ಣದ ಗೆರೆ. ಭುಜ ಸವರಿದರು, ಮತ್ತೆ ಕೂರಿಸಿದರು, ಮತ್ತೆ ಸವರಿದರು. ಹೀಗೆ ಆರು ಸಲ. ಎತ್ತರದಲ್ಲಿ ತೆಗೆದದ್ದು ಒಂದೇ ಇಂಚು, ಅದೂ ಕೂರುವ ಜಾಗದಲ್ಲಿ ಮಟ್ಟಸವಾಗಿ. ಆ ಜಾಗಕ್ಕೆ ಚೂರು ಫೋಮುಗಳನ್ನು ಅಂಟಿಸಿ ಒತ್ತಿ ಮಾಡುವ ಬಣ್ಣಬಣ್ಣದ ಗಟ್ಟಿ ಫೋಮ್, ಅದರ ಮೇಲೆ ಒಂದು ಬೆರಳು ದಪ್ಪ ಮೆತ್ತನೆಯದು. ಒಟ್ಟು 1,800 ರೂಪಾಯಿ, ಗುಜರಿ ಸೀಟಿನ ದುಡ್ಡು ಬೇರೆ.

ಅಂಗಡಿಯಲ್ಲಿ ಕೂತಾಗ ಗಟ್ಟಿ ಅನ್ನಿಸಿತು. ಅನ್ನಿಸಬೇಕು. ಹೆಬ್ಬೆರಳಿನಿಂದ ಒತ್ತಿ "ಆಹಾ ಮೆತ್ತಗಿದೆ" ಅನ್ನುವ ಪರೀಕ್ಷೆ ಮಾವಿನಹಣ್ಣಿಗೆ ಸರಿ. ಐದು ನಿಮಿಷಕ್ಕೆ ಹಿತವಾದ ಫೋಮ್ ಒಂದು ಗಂಟೆಗೆ ಚಪ್ಪಟೆಯಾಗುತ್ತದೆ. ಆ ದಿನ ಊರು ಮುಟ್ಟಿ ಗಾಡಿ ಇಳಿದಾಗ ನನ್ನ ಹಿಂಭಾಗದ ನೆನಪೇ ಬರಲಿಲ್ಲ.

ಇಷ್ಟು ಒದ್ದಾಡುವ ಬದಲು ಕೆಳಗಿನ ಗಾಡಿಯನ್ನೇ ಕೊಳ್ಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಡಾಂಬರು ರಸ್ತೆಯಲ್ಲೇ ಇರುವವರಾದರೆ ಖಂಡಿತ. ಮೀಟಿಯೋರ್ 350 ಇದೆ, 765 ಮಿಲಿಮೀಟರ್. ಅವೆಂಜರ್ ಇನ್ನೂ ಕೆಳಗೆ, 737. ಆದರೆ ಅಂಥ ಗಾಡಿಗಳಲ್ಲಿ ಕಾಲು ಮುಂದೆ ಚಾಚಿ ಕೂರಬೇಕು. ಕಾಲು ಮುಂದಿದ್ದಾಗ ಗುಂಡಿ ಬಂದರೆ ಫುಟ್‌ರೆಸ್ಟ್ ಒತ್ತಿ ಎದ್ದು ನಿಲ್ಲಲು ಬರುವುದಿಲ್ಲ, ಪೆಟ್ಟು ನೇರ ಬೆನ್ನುಮೂಳೆಗೆ. ಗಿಡ್ಡ ಕಾಲಿಗೆ ಆ ಫುಟ್‌ರೆಸ್ಟ್ ದೂರ ಬೇರೆ. ಅಂಗಡಿಯಲ್ಲಿ ಪಾದ ಪೂರಾ ನೆಲಕ್ಕೂರಿತು ಅಂತ ಮರುಳಾಗಬೇಡಿ, ಪಾದ ಮೇಲೆತ್ತಿ ಹತ್ತು ನಿಮಿಷ ಕೂತು ನೋಡಿ.

ಈಗಲೂ ನನಗೆ ಎರಡೂ ಪಾದ ಪೂರ್ತಿ ಊರುವುದಿಲ್ಲ. ಎಡಗಾಲೊಂದನ್ನು ಗಟ್ಟಿಯಾಗಿ ಊರಿ, ಸೊಂಟವನ್ನು ಚೂರು ಎಡಕ್ಕೆ ಸರಿಸಿ, ಬಲಗಾಲು ಬ್ರೇಕ್ ಮೇಲೆ ಇಟ್ಟು ನಿಲ್ಲುತ್ತೇನೆ. ಬೇಸಿಗೆಯ ಬೂಟಿಗೆ ಅರ್ಧ ಇಂಚಿನ ರಬ್ಬರ್ ಸೋಲ್ ಹಾಕಿಸಿಕೊಂಡಿದ್ದೇನೆ, ಅದು 150 ರೂಪಾಯಿಯ ಸುಖ. ಹತ್ತುವಾಗ, ಹಿಂದೆ ಲಸಿಕೆ ಪೆಟ್ಟಿಗೆ ಇದ್ದರೆ, ಎಡ ಫುಟ್‌ರೆಸ್ಟ್ ಮೇಲೆ ನಿಂತೇ ಕಾಲು ದಾಟಿಸಬೇಕು. ಕುದುರೆ ಹತ್ತಿದ ಹಾಗೆ ಕಾಣುತ್ತದೆ. ಕಾಣಲಿ.

ಸೀಟಿನಲ್ಲೊಂದು ದೋಷ ಉಳಿದಿದೆ. ಹೊಲಿಗೆಯ ತೂತುಗಳಿಂದ ಮಳೆನೀರು ಒಳಗಿಳಿದು ಫೋಮ್ ಕುಡಿದುಬಿಡುತ್ತದೆ, ಆಮೇಲೆ ಮೂರು ದಿನ ಒದ್ದೆ ಪಂಚೆಯ ಮೇಲೆ ಕೂತ ಹಾಗೆ. ಜೂನ್ ಬಂದರೆ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಕಟ್ಟುತ್ತೇನೆ. ಒಳಗೇ ಒಂದು ಪದರ ಪ್ಲಾಸ್ಟಿಕ್ ಹಾಕಿ ಹೊಲಿಸಬೇಕಿತ್ತು, ಮರೆತೆ. ನೀವು ಮರೆಯಬೇಡಿ.

ಇನ್ನೊಂದು, ದೋಷವೋ ಅಲ್ಲವೋ ಗೊತ್ತಿಲ್ಲ. ಈ ಗಾಡಿಯಲ್ಲಿ ಮುಂದಿನ ಸೀಟು ಬೇರೆ, ಹಿಂದಿನದು ಬೇರೆ. ನಾನು ಇಳಿದೆ, ಹಿಂದಿನದು ಇದ್ದಲ್ಲೇ ಇದೆ. ನನಗಿಂತ ಎರಡು ಇಂಚು ಎತ್ತರದ ನನ್ನ ಹೆಂಡತಿ ಈಗ ಅಟ್ಟದ ಮೇಲೆ ಕೂತ ಹಾಗೆ ಕೂರುತ್ತಾಳೆ. ನನ್ನ ಹೆಲ್ಮೆಟ್ಟಿನ ಮೇಲಿಂದ ಅವಳಿಗೆ ಇಡೀ ರಸ್ತೆ ಕಾಣುತ್ತದೆ, ಹಾಗಾಗಿ ಪ್ರತಿ ಗುಂಡಿಯನ್ನೂ ನನಗಿಂತ ಮೊದಲು ನೋಡಿ ಹೇಳುತ್ತಾಳೆ. ಹೋದ ವಾರ ಸಾಗರಕ್ಕೆ ಹೋಗಿ ಬರುವಷ್ಟರಲ್ಲಿ ಮೂವತ್ತೇಳು ಗುಂಡಿ ಆಯಿತು, ಎಣಿಸಿದ್ದು ಅವಳೇ.